ಡಾರ್ಕ್ ವೆಬ್‌ನಲ್ಲಿ ಮಾರಾಟಕ್ಕಿರುವುದು ನಿಮ್ಮ ಲಾಗಿನ್

"ನಮ್ಮದು ಸಣ್ಣ ಕಂಪನಿ, ಡಾರ್ಕ್ ವೆಬ್‌ನವರಿಗೆ ನಮ್ಮಲ್ಲೇನು ಸಿಗುತ್ತೆ?" ಸೆಕ್ಯುರಿಟಿ ಆಡಿಟ್‌ಗೆ ಹೋದ ಕಡೆಯೆಲ್ಲ ಈ ಮಾತು ಕೇಳುತ್ತೇನೆ. ಡಾರ್ಕ್ ವೆಬ್‌ನಲ್ಲಿ ಎಷ್ಟೋ ಜನ ಕಂಪನಿಯ ಹೆಸರು ನೋಡಿ ಖರೀದಿಸುವುದಿಲ್ಲ. ಕೆಲಸ ಮಾಡುವ ಲಾಗಿನ್ ಇದ್ದರೆ ಸಾಕು.

ಬಳಸುವವರ ಗುರುತು ಮುಚ್ಚಿಡುವ ಟಾರ್‌ನಂಥ ಬ್ರೌಸರ್ ಇಲ್ಲದೆ ತೆರೆಯದ ತಾಣಗಳೇ ಡಾರ್ಕ್ ವೆಬ್. ಟಾರ್ ಹುಟ್ಟಿದ್ದು ಅಮೆರಿಕದ ನೌಕಾಪಡೆಯ ಸಂಶೋಧನಾಲಯದ ಕೆಲಸದಿಂದ. ಪತ್ರಕರ್ತರೂ ಅದನ್ನು ಬಳಸುತ್ತಾರೆ, ಹಾಗಾಗಿ ಟಾರ್ ಅಂದ ತಕ್ಷಣ ಗಾಬರಿ ಬೇಡ.

ಗಾಬರಿಯಾಗಬೇಕಾದ್ದು 'ಸ್ಟೀಲರ್ ಲಾಗ್' ನೋಡಿ, ಅಂದರೆ ಕಳ್ಳ ಸಾಫ್ಟ್‌ವೇರ್ (ಮಾಲ್‌ವೇರ್) ಒಂದು ಕಂಪ್ಯೂಟರ್‌ನಿಂದ ಕದ್ದ ಮಾಹಿತಿಯ ಕಟ್ಟು. ಉದ್ಯೋಗಿಯೊಬ್ಬರು ಮನೆಯ ಲ್ಯಾಪ್‌ಟಾಪ್‌ಗೆ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕಿಕೊಂಡರು ಅನ್ನಿ. ಅದರ ಜೊತೆ ಬಂದ ಮಾಲ್‌ವೇರ್, ಬ್ರೌಸರ್ ನೆನಪಿಟ್ಟುಕೊಂಡಿದ್ದ ಪಾಸ್‌ವರ್ಡ್‌ಗಳನ್ನೆಲ್ಲ ಬಾಚಿಕೊಂಡು ಹೋಗುತ್ತದೆ. ಒಂದು ಫೋಲ್ಡರ್ ತೆರೆದರೆ ಸಾಲಾಗಿ ತಾಣದ ವಿಳಾಸ, ಯೂಸರ್ ನೇಮ್, ಪಾಸ್‌ವರ್ಡ್. ಪಕ್ಕದಲ್ಲೇ ಕುಕಿಗಳು. ಕೆಲವದರಲ್ಲಿ ಆ ಹೊತ್ತಿನ ಸ್ಕ್ರೀನ್‌ಶಾಟ್ ಕೂಡ! ಆ ಸಾಲುಗಳ ನಡುವೆ ಕಂಪನಿಯ ವಿಪಿಎನ್ (ಹೊರಗಿನಿಂದ ಕಂಪನಿಯ ನೆಟ್‌ವರ್ಕ್ ಒಳಗೆ ಹೋಗುವ ದಾರಿ) ವಿಳಾಸವೂ ಇರುತ್ತದೆ.

ಕುಕಿ ಬಗ್ಗೆ ಜನ ತಲೆ ಕೆಡಿಸಿಕೊಳ್ಳುವುದೇ ಇಲ್ಲ. ನೀವು ಒಟಿಪಿ ಹಾಕಿ ಒಳಗೆ ಹೋದ ಮೇಲೆ ತಾಣ ಕೊಡುವ ಗುರುತು ಅದು. ಅದನ್ನು ಕದ್ದವನಿಗೆ ಎಷ್ಟೋ ಸಲ ಒಟಿಪಿ ಬೇಕಾಗುವುದೇ ಇಲ್ಲ. ಜೆನೆಸಿಸ್ ಮಾರ್ಕೆಟ್ ಎಂಬ ಆನ್‌ಲೈನ್ ಸಂತೆ ಇಂಥದ್ದನ್ನೇ ಮಾರುತ್ತಿತ್ತು. 2023ರ ಏಪ್ರಿಲ್‌ನಲ್ಲಿ ಹಲವು ದೇಶಗಳ ಪೊಲೀಸರು ಸೇರಿ ಅದರ ಮೇಲೆ ದಾಳಿ ಮಾಡಿದರು. ವ್ಯಾಪಾರ ಮಾತ್ರ ನಿಂತಿಲ್ಲ.

2021ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಇಂಧನ ಸಾಗಿಸುವ ಕಲೋನಿಯಲ್ ಪೈಪ್‌ಲೈನ್ ಬಂದ್ ಆಯಿತಲ್ಲ, ದಾಳಿಕೋರರು ಒಳಗೆ ಹೋಗಿದ್ದು ಯಾರೂ ಬಳಸದ ಒಂದು ಹಳೇ ವಿಪಿಎನ್ ಖಾತೆಯಿಂದ. ಅದರ ಪಾಸ್‌ವರ್ಡ್ ಡಾರ್ಕ್ ವೆಬ್‌ನಲ್ಲಿ ಸೋರಿದ್ದ ಪಟ್ಟಿಯೊಂದರಲ್ಲಿತ್ತು. ಒಟಿಪಿಯಂಥ ಎರಡನೇ ಹಂತದ ಪರಿಶೀಲನೆ ಇರಲಿಲ್ಲ. ದಾಳಿಕೋರರಿಗೆ ಕಂಪನಿ ಒತ್ತೆಹಣವಾಗಿ ತೆತ್ತದ್ದು 75 ಬಿಟ್‌ಕಾಯಿನ್, ಆಗಿನ ಬೆಲೆಯಲ್ಲಿ ಸುಮಾರು 44 ಲಕ್ಷ ಡಾಲರ್. ಕೆಲಸ ಬಿಟ್ಟವರ ಖಾತೆಯನ್ನು ಅದೇ ದಿನ ಮುಚ್ಚಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

'ಬ್ಯಾಕಪ್ ಇದೆ, ರ‍್ಯಾನ್ಸಮ್‌ವೇರ್ ಬಂದರೂ ಚಿಂತೆಯಿಲ್ಲ' ಅನ್ನುವವರೂ ಇದ್ದಾರೆ. ಕಡತಗಳನ್ನು ಲಾಕ್ ಮಾಡಿ ದುಡ್ಡು ಕೇಳುವ ಮಾಲ್‌ವೇರ್ ಅದು. ಅದನ್ನು ಬಿಡುವ ಈಗಿನ ಎಷ್ಟೋ ಗುಂಪುಗಳು ಮೊದಲು ಡೇಟಾ ಕದಿಯುತ್ತವೆ, ಆಮೇಲೆ ಲಾಕ್ ಮಾಡುತ್ತವೆ. ದುಡ್ಡು ಕೊಡದಿದ್ದರೆ ಗ್ರಾಹಕರ ಕಡತಗಳನ್ನೇ ಬಹಿರಂಗ ಮಾಡುತ್ತವೆ, ಇಲ್ಲವೇ ಹರಾಜಿಗಿಡುತ್ತವೆ. ಬ್ಯಾಕಪ್ ಅಲ್ಲಿ ಏನು ಮಾಡೀತು?

ಡಾರ್ಕ್ ವೆಬ್ ಮೇಲೆ ಕಣ್ಣಿಡುವ ಸೇವೆಗಳಿವೆ, ತೆಗೆದುಕೊಳ್ಳಿ. ನಿಮ್ಮ ಹುಡುಗರನ್ನೇ ಅಲ್ಲಿಗೆ ಸುಮ್ನೆ ಇಣುಕಲು ಕಳಿಸಬೇಡಿ. ಆ ಸೇವೆಯಿಂದ ವರದಿ ಬಂದಾಗ ಮೊದಲು ತಾರೀಖು ನೋಡಿ: ಹಳೇ ಸೋರಿಕೆಯನ್ನೇ ಮತ್ತೆ ಮತ್ತೆ ಹೊಸದೆಂದು ಮಾರುವವರು ಜಾಸ್ತಿ. ಹೋದ ವಾರದ್ದಾದರೆ ಮೊದಲು ಮಾಲ್‌ವೇರ್ ಹೊಕ್ಕ ಕಂಪ್ಯೂಟರ್ ಶುಚಿ ಮಾಡಿ, ಎಲ್ಲ ಕಡೆ ಲಾಗ್ಔಟ್ ಮಾಡಿಸಿ, ಪಾಸ್‌ವರ್ಡ್ ಬದಲಿಸುವುದು ಆಮೇಲೆ. ಮಾಲ್‌ವೇರ್ ಇನ್ನೂ ಕೂತಿರುವ ಕಂಪ್ಯೂಟರ್‌ನಲ್ಲಿ ಬದಲಿಸಿದರೆ ಹೊಸ ಪಾಸ್‌ವರ್ಡೂ ಅವರಿಗೇ ಸಿಗುತ್ತದೆ.