ನಮ್ಮ ಶಾಸಕರು ಯಾವ ಕಡೆ ಮತ ಹಾಕಿದರು?

ಚುನಾವಣೆ ಹತ್ತಿರ ಬಂತೆಂದರೆ ನನಗೆ ಬರುವ ಕರೆಗಳಲ್ಲಿ ಒಂದು ಪ್ರಶ್ನೆ ಖಾಯಂ. "ಸಾರ್, ನಮ್ಮ ಎಂಎಲ್ಎ ಆ ಮಸೂದೆಗೆ ಪರ ಮತ ಹಾಕಿದ್ರಾ, ವಿರುದ್ಧ ಹಾಕಿದ್ರಾ?" ವಿಧಾನಮಂಡಲದ ನಡವಳಿ, ಅಂದರೆ ಸದನದಲ್ಲಿ ನಡೆದದ್ದರ ಅಧಿಕೃತ ದಾಖಲೆ, ಓದುವುದೇ ನನ್ನ ಕೆಲಸ. ಹಾಗಾಗಿ ಪುಟ ತಿರುವಿ ಹೇಳಿಬಿಡುತ್ತೇನೆ ಅಂತ ಕೇಳುವವರ ನಂಬಿಕೆ. ಆದರೆ ಬಹುಪಾಲು ಮಸೂದೆಗಳ ವಿಷಯದಲ್ಲಿ ಯಾವ ಶಾಸಕರು ಏನು ಮಾಡಿದರು ಎಂಬುದು ಯಾವ ಪುಟದಲ್ಲೂ ಇರುವುದಿಲ್ಲ. ಯಾರೂ ಬರೆದುಕೊಂಡಿರುವುದಿಲ್ಲ.

ಕಾರಣ ಧ್ವನಿಮತ. ಮಸೂದೆಯ ಚರ್ಚೆ ಮುಗಿದ ಮೇಲೆ ಪೀಠದಲ್ಲಿರುವವರು ಅದನ್ನು ಮತಕ್ಕೆ ಹಾಕುತ್ತಾರೆ. ಪರ ಇರುವವರು "ಹೌದು" ಅಂತಾರೆ, ವಿರೋಧ ಇರುವವರು "ಇಲ್ಲ" ಅಂತಾರೆ. ಯಾವ ಕಡೆ ಸದ್ದು ಜಾಸ್ತಿ ಅಂತ ಪೀಠಕ್ಕೆ ಅನ್ನಿಸುತ್ತದೋ ಆ ಕಡೆ ಗೆದ್ದಂತೆ. ನಡವಳಿಯಲ್ಲಿ ಮಸೂದೆ ಅಂಗೀಕಾರವಾಯಿತು ಅನ್ನುವ ಒಂದು ಸಾಲು ಬರುತ್ತದೆ, ಅಷ್ಟೇ. ಹೆಸರು ಇಲ್ಲ, ಸಂಖ್ಯೆಯೂ ಇಲ್ಲ.

ಇದರಲ್ಲಿ ಕಾನೂನಿನ ತಪ್ಪೇನೂ ಇಲ್ಲ. ಹಾಜರಿದ್ದು ಮತ ಹಾಕಿದವರ ಬಹುಮತದಿಂದ ತೀರ್ಮಾನ ಆಗಬೇಕು ಅಂತ ಸಂವಿಧಾನದ 189ನೇ ವಿಧಿ ಹೇಳುತ್ತದೆ. ಹೇಗೆ ಎಣಿಸಬೇಕು ಅನ್ನುವುದನ್ನು ಸದನದ ನಿಯಮಕ್ಕೆ ಬಿಟ್ಟಿದೆ. ಪೀಠದ ಅಂದಾಜು ಒಪ್ಪದ ಸದಸ್ಯರು ಎದ್ದು ನಿಂತು ಮತವಿಭಜನೆ ಕೇಳಬಹುದು. ಆಗ ತಲೆ ಎಣಿಸುತ್ತಾರೆ. ಕೇಳುವವರು ಕಡಿಮೆ. ಗದ್ದಲ ಎದ್ದರೆ ಕೇಳಿದ್ದು ಪೀಠದವರೆಗೆ ತಲುಪುವುದೂ ಇಲ್ಲ.

ಅಮೆರಿಕದಲ್ಲಿ ಮಕ್ಕಳಿರುವ ಓದುಗರು ಇದನ್ನು ಕೇಳಿ ಆಶ್ಚರ್ಯಪಡುತ್ತಾರೆ. ಅವರ ಆಶ್ಚರ್ಯ ಸಹಜ. ಕ್ಯಾಲಿಫೋರ್ನಿಯಾ ರಾಜ್ಯದ ಸಂವಿಧಾನದ ಪ್ರಕಾರ ಒಬ್ಬೊಬ್ಬರ ಹೆಸರಿನ ಮುಂದೆ ಮತ ಬರೆದು ದಾಖಲೆಗೆ ಸೇರಿಸದೆ ಯಾವ ಮಸೂದೆಯೂ ಪಾಸಾಗುವಂತಿಲ್ಲ. ಅಲ್ಲಿನ ಶಾಸಕರ ಮತಗಳನ್ನು ಮನೆಯಲ್ಲೇ ಕೂತು ಲೆಕ್ಕ ಹಾಕಬಹುದು.

ವ್ಯತ್ಯಾಸ ಎಷ್ಟು ಅಂತ ನೋಡಲು ನಮ್ಮ ವಿಧಾನ ಪರಿಷತ್ತಿನ ಎರಡು ಮಸೂದೆಗಳು ಸಾಕು. 2020ರ ಡಿಸೆಂಬರ್ 8ರಂದು ಭೂ ಸುಧಾರಣಾ ತಿದ್ದುಪಡಿ ಮಸೂದೆ ಮತಕ್ಕೆ ಬಂತು. ಕೃಷಿ ಜಮೀನನ್ನು ಯಾರು ಕೊಳ್ಳಬಹುದು ಅನ್ನುವುದಕ್ಕಿದ್ದ ಹಳೆಯ ಬೇಲಿ ತೆಗೆದ ಮಸೂದೆ ಅದು. ಮತ ಎಣಿಸಿದರು: ಪರ 37, ವಿರೋಧ 21. ಬಿಜೆಪಿಗೆ ಅಲ್ಲಿ ಸ್ವಂತ ಬಹುಮತ ಇರಲಿಲ್ಲ. ಮೊದಲು ಮಸೂದೆಯನ್ನು ವಿರೋಧಿಸಿದ್ದ ಜೆಡಿಎಸ್ ಆ ದಿನ ಸರ್ಕಾರದ ಕೈಹಿಡಿಯಿತು. ರೈತ ಸಂಘಟನೆಗಳು ಆಮೇಲೆ ಆ ಪಕ್ಷವನ್ನು ನೇರವಾಗಿ ಪ್ರಶ್ನಿಸಿದವು. ಎಣಿಕೆ ಆಗಿದ್ದರಿಂದ ನುಣುಚಿಕೊಳ್ಳಲು ದಾರಿ ಇರಲಿಲ್ಲ. ಸರಿಯಾಗಿ ಎರಡು ತಿಂಗಳ ನಂತರ, 2021ರ ಫೆಬ್ರವರಿ 8ರಂದು, ಜಾನುವಾರು ಹತ್ಯೆ ನಿಷೇಧ ಮಸೂದೆ ಅದೇ ಸದನದಲ್ಲಿ ಗದ್ದಲದ ನಡುವೆ ಧ್ವನಿಮತದಿಂದ ಪಾಸಾಯಿತು. ಎಷ್ಟು ಜನ ಪರ, ಎಷ್ಟು ಜನ ವಿರೋಧ? ಅದಕ್ಕೆ ಸಂಖ್ಯೆಯೇ ಇಲ್ಲ.

ಇನ್ನೊಂದು ಉದಾಹರಣೆ ಹೇಳದಿದ್ದರೆ ಮನಸ್ಸು ತಡೆಯುವುದಿಲ್ಲ. 2025ರ ಮಾರ್ಚ್ 21ರಂದು ಶಾಸಕರ ಸಂಬಳವನ್ನು ತಿಂಗಳಿಗೆ 40,000ದಿಂದ 80,000 ರೂಪಾಯಿಗೆ ಏರಿಸುವ ಮಸೂದೆ ವಿಧಾನಸಭೆಯಲ್ಲಿ ಚರ್ಚೆಯೇ ಇಲ್ಲದೆ ಪಾಸಾಯಿತು. ಬೇರೆ ವಿಷಯಕ್ಕೆ ಸದನದಲ್ಲಿ ದೊಡ್ಡ ಗಲಾಟೆ ನಡೆದಿತ್ತು, ಅದೇ ದಿನ 18 ಬಿಜೆಪಿ ಶಾಸಕರು ಅಮಾನತಾದರು. ಇಷ್ಟು ಜಗಳದ ನಡುವೆಯೂ ಸಂಬಳದ ಬಿಲ್ಲಿಗೆ ಮಾತ್ರ ತಡೆ ಬರಲಿಲ್ಲ ನೋಡಿ. ಮತದಾರರಿಗೆ ಹೆಸರು ಸಮೇತ ಬೇಕಾಗಿದ್ದ ಪಟ್ಟಿ ಅದೇ ಅಲ್ವಾ?

ಸರಿ, ಎಲ್ಲಾ ಮಸೂದೆಗೂ ತಲೆ ಎಣಿಸಿದರು ಅಂತಲೇ ಇಟ್ಟುಕೊಳ್ಳಿ. ಆಗಲೂ ಕಾಣುವುದು ಹೆಚ್ಚಾಗಿ ಪಕ್ಷದ ಮತವೇ. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿ, ಅಂದರೆ ಪಕ್ಷಾಂತರ ನಿಷೇಧ ಕಾನೂನು, ವಿಪ್ (ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ) ಮೀರಿ ಮತ ಹಾಕಿದರೆ ಅಥವಾ ಮತ ಹಾಕದೆ ಕೂತರೆ ಸ್ಥಾನವನ್ನೇ ಕಿತ್ತುಕೊಳ್ಳಬಹುದು ಅನ್ನುತ್ತದೆ. ಪಕ್ಷ 15 ದಿನದೊಳಗೆ ಮನ್ನಿಸಿದರೆ ಮಾತ್ರ ಬಚಾವ್. 1992ರಲ್ಲಿ ಸುಪ್ರೀಂ ಕೋರ್ಟ್ ಕಾನೂನನ್ನು ಎತ್ತಿಹಿಡಿಯಿತು. ಆದರೆ ಸದಸ್ಯತ್ವ ಕಳೆಯುವಂಥ ವಿಪ್ಪನ್ನು ಸರ್ಕಾರದ ಅಳಿವು ಉಳಿವಿನ ಮತಕ್ಕೆ, ಪಕ್ಷದ ಮುಖ್ಯ ನೀತಿಗೆ ಸೀಮಿತ ಮಾಡಬೇಕು ಎಂದೂ ಹೇಳಿತು. ಆ ಎರಡನೇ ಮಾತನ್ನು ಪಕ್ಷಗಳು ಕಿವಿಗೆ ಹಾಕಿಕೊಂಡಂತಿಲ್ಲ. ಈ ಕಾನೂನು ಸರ್ಕಾರ ಉಳಿಸಿದ್ದಕ್ಕಿಂತ ಶಾಸಕರ ಬಾಯಿ ಕಟ್ಟಿದ್ದೇ ಜಾಸ್ತಿ ಅನ್ನುವುದು ನನ್ನ ಅಭಿಪ್ರಾಯ.

ಸರ್ಕಾರ ಉಳಿಸುವುದರಲ್ಲಿ ಅದು ಎಷ್ಟು ಗಟ್ಟಿ ಅನ್ನುವುದಕ್ಕೆ 2019ರ ಜುಲೈ 23 ಇದೆ. ಕುಮಾರಸ್ವಾಮಿ ಅವರ ವಿಶ್ವಾಸಮತಕ್ಕೆ ಶಾಸಕರನ್ನು ಸಾಲು ಸಾಲಾಗಿ ನಿಲ್ಲಿಸಿ ಎಣಿಸಿದರು. ಪರ 99, ವಿರೋಧ 105. ಆ ದಿನ ಫಲಿತಾಂಶ ಬರೆದ ಬಂಡಾಯ ಶಾಸಕರು ಸದನದಲ್ಲೇ ಇರಲಿಲ್ಲ, ಊರಾಚೆಯ ಹೋಟೆಲುಗಳಲ್ಲಿದ್ದರು. ಬಿಎಸ್‌ಪಿಯ ಒಬ್ಬರೇ ಶಾಸಕ ಎನ್. ಮಹೇಶ್ ಕೂಡ ಗೈರಾದರು, ಪಕ್ಷ ಅವರನ್ನು ಹೊರಹಾಕಿತು. ಸ್ಪೀಕರ್ ರಮೇಶ್ ಕುಮಾರ್ 17 ಬಂಡಾಯ ಶಾಸಕರನ್ನು ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟ್ ನವೆಂಬರ್‌ನಲ್ಲಿ ಅನರ್ಹತೆ ಎತ್ತಿಹಿಡಿದರೂ ಮತ್ತೆ ಚುನಾವಣೆಗೆ ನಿಲ್ಲಲು ಬಿಟ್ಟಿತು. ಡಿಸೆಂಬರ್‌ನಲ್ಲಿ 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆದು 12ರಲ್ಲಿ ಬಿಜೆಪಿ ಗೆದ್ದಿತು. ಹಾಗಾಗಿ ದಾಖಲೆ ಓದುವಾಗ ನಾನು ಹಾಜರಿಯನ್ನೂ ಮತದಷ್ಟೇ ಗಮನವಿಟ್ಟು ನೋಡುತ್ತೇನೆ. ಬಾರದೇ ಇರುವುದೂ ಒಂದು ಮತವೇ.

ಶಾಸಕರ ಸ್ವಂತ ಮತ ಬರಿಗಣ್ಣಿಗೆ ಕಾಣುವ ಜಾಗ ಒಂದಿದೆ: ರಾಜ್ಯಸಭಾ ಚುನಾವಣೆ. 2003ರಿಂದ ಅಲ್ಲಿ ಮುಕ್ತ ಮತದಾನ. ಗುರುತು ಮಾಡಿದ ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು. (ಅದೇ ಶಾಸಕರು ಪರಿಷತ್ತಿಗೆ ಸದಸ್ಯರನ್ನು ಆರಿಸುವಾಗ ಮತ ಗುಪ್ತ!) ಇದು ಸದನದ ಕಲಾಪ ಅಲ್ಲವಾದ್ದರಿಂದ ಇಲ್ಲಿ ಅಡ್ಡ ಮತ ಹಾಕಿದರೆ ಅಷ್ಟಕ್ಕೇ ಸ್ಥಾನ ಹೋಗುವುದಿಲ್ಲ. 2024ರ ಫೆಬ್ರವರಿ 27ರಂದು ಬಿಜೆಪಿಯ ಎಸ್.ಟಿ. ಸೋಮಶೇಖರ್ ಕಾಂಗ್ರೆಸ್ ಅಭ್ಯರ್ಥಿಗೆ ಮತ ಹಾಕಿದರು. ಶಿವರಾಮ ಹೆಬ್ಬಾರ್ ಮತ ಹಾಕಲು ಬರಲೇ ಇಲ್ಲ. ಪಕ್ಷ ಇಬ್ಬರನ್ನೂ ಉಚ್ಚಾಟಿಸಿದ್ದು 2025ರ ಮೇ ತಿಂಗಳಲ್ಲಿ. 2024ರ ಆ ಫೆಬ್ರವರಿ 27ರಂದೇ ಹಿಮಾಚಲ ಪ್ರದೇಶದಲ್ಲೂ ಆರು ಕಾಂಗ್ರೆಸ್ ಶಾಸಕರು ಅಡ್ಡ ಮತ ಹಾಕಿದರು. ಎರಡು ದಿನದಲ್ಲಿ ಅವರ ಸ್ಥಾನ ಹೋಯಿತು. ಆದರೆ ಕಾರಣ ಆ ಮತ ಅಲ್ಲ, ಬಜೆಟ್ ದಿನ ವಿಪ್ ಮೀರಿ ಸದನಕ್ಕೆ ಬಾರದೇ ಇದ್ದದ್ದು.

ಹಾಗಾದರೆ ಕರೆ ಮಾಡುವವರಿಗೆ ನಾನು ಹೇಳುವುದೇನು? ಸುಮ್ನೆ ಮತದ ಹಿಂದೆ ಬೀಳಬೇಡಿ, ನಡವಳಿ ತೆಗೆದು ನೋಡಿ ಅಂತೀನಿ. ವಿಧಾನಸಭೆ ಮತ್ತು ಪರಿಷತ್ತಿನ ನಡವಳಿಗಳು ಅವುಗಳ ಜಾಲತಾಣದಲ್ಲೇ ಸಿಗುತ್ತವೆ. ಮಸೂದೆ ಚರ್ಚೆಗೆ ಬಂದ ದಿನ ನಿಮ್ಮ ಶಾಸಕರು ಮಾತಾಡಿದರಾ, ತಿದ್ದುಪಡಿ ಸೂಚಿಸಿದರಾ, ಯಾವ ಪ್ರಶ್ನೆ ಕೇಳಿದರು ನೋಡಿ. ಸಭಾತ್ಯಾಗ ಮಾಡಿದರೆ ಯಾವ ಹೊತ್ತಿಗೆ ಅನ್ನುವುದನ್ನೂ ಗಮನಿಸಿ. ಮತಕ್ಕೆ ಹಾಕುವ ಮುಂಚೆಯೇ ಎದ್ದು ಹೋದವರು "ನಾವು ವಿರೋಧಿಸಿದೆವು" ಅಂತ ಊರಲ್ಲಿ ಹೇಳಿಕೊಳ್ಳಬಹುದು. ಆದರೆ ಮತವಿಭಜನೆ ಕೇಳಲು ಆ ಹೊತ್ತಿಗೆ ಅವರು ಒಳಗೇ ಇರುವುದಿಲ್ಲ. ಶಾಸಕರು ಮತ ಕೇಳಲು ಮನೆಗೆ ಬಂದಾಗ ನೀವು ಕೇಳಬೇಕಾದ ಪ್ರಶ್ನೆಯೂ ಅದೇ: ಎಣಿಸಿ ಅಂತ ಒಮ್ಮೆಯಾದರೂ ಎದ್ದು ನಿಂತಿದ್ರಾ?