ಅಮಾನತು ಅಂದರೆ ಕೆಲಸ ಹೋಯ್ತು ಅಂತಲ್ಲ

"ಕರ್ತವ್ಯಲೋಪ: ಪಿಡಿಒ ಅಮಾನತು." ಪತ್ರಿಕೆಯ ಜಿಲ್ಲಾ ಪುಟದಲ್ಲಿ ಆಗಾಗ ಕಾಣುವ ತಲೆಬರಹ ಇದು. ಪಿಡಿಒ ಅಂದರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ. ಊರಿನ ವಾಟ್ಸಾಪ್ ಗುಂಪಿಗೆ ಬರುವಷ್ಟರಲ್ಲಿ ಇದು "ಪಿಡಿಒ ಕೆಲಸ ಹೋಯ್ತಂತೆ" ಎಂದಾಗಿರುತ್ತದೆ. ಕೆಲವು ತಿಂಗಳು ಬಿಟ್ಟು ಅದೇ ಪಿಡಿಒ ಇನ್ನೊಂದು ಪಂಚಾಯ್ತಿಯಲ್ಲಿ ಕೂತಿದ್ದನ್ನು ಯಾರೋ ನೋಡುತ್ತಾರೆ. "ಅದ್ಹೇಗೆ ವಾಪಸ್ ಬಂದ?" ಎಂದು ಮತ್ತೆ ಚರ್ಚೆ ಶುರು. ಎರಡೂ ಸಲ ಎಡವಿದ್ದು ಒಂದೇ ಪದದ ಮೇಲೆ.

'ಅಮಾನತ್' ಅರಬ್ಬಿ ಮೂಲದ್ದು. ನಂಬಿ ಒಪ್ಪಿಸಿದ ವಸ್ತು, ಠೇವಣಿ ಎಂಬ ಅರ್ಥ. ಲೆಕ್ಕಪತ್ರದಲ್ಲೂ ಈ ಪದ ಇದೆ. ಯಾವ ಬಾಬ್ತಿಗೆ ಸೇರಿಸಬೇಕೆಂದು ತಕ್ಷಣ ಗೊತ್ತಾಗದ ಹಣವನ್ನು ಅಮಾನತು ಖಾತೆಯಲ್ಲಿ ಇಡುತ್ತಾರೆ. ಹಣ ಎಲ್ಲೂ ಹೋಗಿಲ್ಲ, ಲೆಕ್ಕ ಬಗೆಹರಿಯುವ ತನಕ ಪಕ್ಕಕ್ಕಿಟ್ಟಿದೆ, ಅಷ್ಟೇ. ನೌಕರನ ಅಮಾನತು ಕೂಡ ಹೀಗೇ. ಆತ ನೌಕರನಾಗಿಯೇ ಇರುತ್ತಾನೆ, ಕೆಲಸ ಮಾಡುವ ಅಧಿಕಾರ ಮಾತ್ರ ಇರುವುದಿಲ್ಲ.

ಪತ್ರಿಕೆಯ ಸುದ್ದಿಯನ್ನು ಕೊನೆತನಕ ಓದಿದರೆ "ಇಲಾಖಾ ವಿಚಾರಣೆ ಕಾಯ್ದಿರಿಸಿ" ಎಂಬ ಎರಡು-ಮೂರು ಪದ ಸಿಗುತ್ತವೆ. ಯಾರೂ ಗಮನ ಕೊಡದ ಪದಗಳು. ನನ್ನ ಪ್ರಕಾರ ಇಡೀ ಸುದ್ದಿಯ ತಿರುಳು ಅಲ್ಲೇ ಇದೆ. ವಿಚಾರಣೆ ಇನ್ನೂ ಆಗಬೇಕು, ತಪ್ಪು ಸಾಬೀತಾಗಿಲ್ಲ ಅಂತ ಅದರ ಅರ್ಥ. ಕುರ್ಚಿಯಲ್ಲೇ ಬಿಟ್ಟರೆ ಕಡತ ತಿದ್ದಬಹುದು, ಸಾಕ್ಷಿ ಹೇಳುವ ಬಿಲ್ ಕಲೆಕ್ಟರ್ ಮೇಲೆ ಒತ್ತಡ ಹಾಕಬಹುದು. ಅದಕ್ಕೇ ದೂರ ಇಡುವುದು. ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳು, 1957ರಲ್ಲಿ ದಂಡನೆಗಳ ಪಟ್ಟಿ 8ನೇ ನಿಯಮದಲ್ಲಿದೆ. ಅಮಾನತು ಆ ಪಟ್ಟಿಯಲ್ಲೇ ಇಲ್ಲ. ಅದಕ್ಕೆ ಬೇರೆಯದೇ ಜಾಗ, 10ನೇ ನಿಯಮ.

ಹಾಗಾದರೆ 8ನೇ ನಿಯಮದಲ್ಲಿ ಏನಿದೆ? ವಾಗ್ದಂಡನೆ, ವೇತನ ಬಡ್ತಿ ತಡೆ, ನಷ್ಟದ ವಸೂಲಿ ಇವೆಲ್ಲ ಸಣ್ಣ ದಂಡನೆಗಳು. ಹಿಂಬಡ್ತಿ, ಕಡ್ಡಾಯ ನಿವೃತ್ತಿ, ಸೇವೆಯಿಂದ ತೆಗೆದುಹಾಕುವುದು, ವಜಾ ಇವು ದೊಡ್ಡವು. ಕೊನೆಯ ಎರಡೂ ಒಂದೇ ಅಲ್ವಾ ಅನ್ನಿಸಬಹುದು. ಅಲ್ಲ. ತೆಗೆದುಹಾಕಿದವರು ಮುಂದೆ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಬಹುದು. ವಜಾ ಆದವರಿಗೆ ಸಾಮಾನ್ಯವಾಗಿ ಆ ಬಾಗಿಲೂ ಮುಚ್ಚಿದಂತೆ.

ದೊಡ್ಡ ದಂಡನೆ ಕೊಡಬೇಕಾದರೆ ಸುಮ್ನೆ ಒಂದು ಆದೇಶ ಹೊರಡಿಸಿ ಕೈ ತೊಳೆದುಕೊಳ್ಳಲು ಆಗುವುದಿಲ್ಲ. ಸಂವಿಧಾನದ 311ನೇ ವಿಧಿಯೇ ಅಡ್ಡ ನಿಂತಿದೆ. ದೋಷಾರೋಪಣಾ ಪಟ್ಟಿ ಕೊಡಬೇಕು, ಅದಕ್ಕೆ ಉತ್ತರ ಪಡೆಯಬೇಕು. ವಿಚಾರಣಾಧಿಕಾರಿ ಸಾಕ್ಷಿಗಳನ್ನು ಕೇಳಬೇಕು, ಅವರನ್ನು ಪಾಟೀಸವಾಲು ಮಾಡಲು (ಎದುರು ಪ್ರಶ್ನೆ ಕೇಳಲು) ನೌಕರನಿಗೂ ಅವಕಾಶ ಕೊಡಬೇಕು. ಆಮೇಲೇ ತೀರ್ಮಾನ. ಕ್ರಿಮಿನಲ್ ಪ್ರಕರಣದಲ್ಲಿ ಶಿಕ್ಷೆಯಾದಾಗ ಈ ವಿಚಾರಣೆ ಬೇಕಾಗದೇ ಇರಬಹುದು, ಆದರೆ ಅಂಥ ವಿನಾಯಿತಿಗಳು ಕೆಲವೇ.

ಅಮಾನತಾದವರು ತಿಂಗಳಾನುಗಟ್ಟಲೆ ಏನು ತಿನ್ನಬೇಕು? ಇದಕ್ಕೇ ಜೀವನಾಧಾರ ಭತ್ಯೆ ಇರುವುದು. ಶುರುವಿಗೆ ಹೆಚ್ಚುಕಮ್ಮಿ ಅರ್ಧ ಸಂಬಳದಷ್ಟು ಸಿಗುತ್ತದೆ. ವಿಚಾರಣೆ ಎಳೆದರೆ ಅದು ಹೆಚ್ಚಬಹುದು. ನೌಕರನೇ ಬೇಕಂತ ಎಳೆಯುತ್ತಿದ್ದರೆ ಕಡಿಮೆಯೂ ಆಗಬಹುದು. ಬೇರೆಲ್ಲೂ ಕೆಲಸ ಮಾಡುತ್ತಿಲ್ಲ ಎಂದು ಬರೆದುಕೊಡಬೇಕು, ಅನುಮತಿ ಇಲ್ಲದೆ ಕೇಂದ್ರಸ್ಥಾನ (ಇರಬೇಕೆಂದು ಗೊತ್ತುಮಾಡಿದ ಊರು) ಬಿಡುವಂತಿಲ್ಲ. "ಕೆಲಸ ಮಾಡದೆ ಸಂಬಳ ತಗೋತಾರೆ" ಎಂದು ಜನ ಬೈಯುವುದು ಈ ಭತ್ಯೆಯನ್ನೇ. ಆದರೆ ಇದನ್ನು ಕೊಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕೆಜಿಎಫ್‌ನದೇ ಒಂದು ಪ್ರಕರಣ ಇದೆ. ಭಾರತ್ ಗೋಲ್ಡ್ ಮೈನ್ಸ್‌ನ ಭದ್ರತಾ ಅಧಿಕಾರಿಯೊಬ್ಬರನ್ನು 1985ರಲ್ಲಿ ಅಮಾನತು ಮಾಡಿದರು. ಭತ್ಯೆ ಕೊಡಲಿಲ್ಲ. ಅವರು ಕೇರಳದ ಮನೆಯಲ್ಲಿದ್ದರು, ಕೈಯಲ್ಲಿ ಕಾಸಿಲ್ಲದೆ ವಿಚಾರಣೆಗೆ ಬರಲಾಗಲಿಲ್ಲ. ಅವರಿಲ್ಲದೆಯೇ ವಿಚಾರಣೆ ಮುಗಿಸಿ ವಜಾ ಮಾಡಿಬಿಟ್ಟರು. ಅದೇ ಆರೋಪದ ಕ್ರಿಮಿನಲ್ ಪ್ರಕರಣದಲ್ಲಿ ಅವರು ಖುಲಾಸೆಯಾದರು. ಕೊನೆಗೆ 1999ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಲು ಹೇಳಿತು. ಹದಿನಾಲ್ಕು ವರ್ಷ!

ಯಾರು ಯಾರನ್ನು ಅಮಾನತು ಮಾಡಬಹುದು ಎಂಬಲ್ಲೂ ಗೊಂದಲ ಜಾಸ್ತಿ. ಗ್ರಾಮ ಪಂಚಾಯ್ತಿ ಅಧ್ಯಕ್ಷರು ಸಭೆಯಲ್ಲಿ ಎಷ್ಟೇ ಮೇಜು ಕುಟ್ಟಿದರೂ ಪಿಡಿಒ ಅಮಾನತು ಅವರ ಕೈಯಲ್ಲಿಲ್ಲ. ಪಿಡಿಒ ಸರ್ಕಾರಿ ನೌಕರ, ಆದೇಶ ಸಾಮಾನ್ಯವಾಗಿ ಜಿಲ್ಲಾ ಪಂಚಾಯ್ತಿ ಸಿಇಒ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ) ಕಡೆಯಿಂದ ಬರುತ್ತದೆ. ನೀರಗಂಟಿ, ಬಿಲ್ ಕಲೆಕ್ಟರ್, ಸ್ವಚ್ಛತಾ ಕೆಲಸದವರ ಕಥೆ ಬೇರೆ. ಅವರು ಪಂಚಾಯ್ತಿಯದೇ ನೌಕರರು, 1993ರ ಪಂಚಾಯತ್ ರಾಜ್ ಕಾಯ್ದೆಯ ಕೆಳಗೆ ಬರುತ್ತಾರೆ. ಹಾಗಂತ ಅವರನ್ನು ಬಾಯಿಮಾತಲ್ಲಿ "ನಾಳೆಯಿಂದ ಬರಬೇಡ" ಎನ್ನಲಾಗದು. ಅವರ ಮಾತು ಕೇಳದೆ ಶಿಕ್ಷೆ ಕೊಡಬಾರದು ಎಂಬ ನಿಯಮ ಅವರಿಗೂ ಇದೆ. ಕಾಗದದ ಮೇಲೆ ಇದೆ ಅನ್ನೋಣ. ನೀರಗಂಟಿಯ ಪರವಾಗಿ ಆ ಕಾಗದ ತೆಗೆದು ಓದುವವರು ಕಮ್ಮಿ.

ಇನ್ನೊಂದು ಬಗೆಯ ಅಮಾನತು ತಾನಾಗಿಯೇ ಆಗುತ್ತದೆ. ಲಂಚ ತೆಗೆದುಕೊಳ್ಳುವಾಗ ಲೋಕಾಯುಕ್ತ ಪೊಲೀಸರಿಗೆ ಸಿಕ್ಕಿಬಿದ್ದು, 48 ಗಂಟೆಗಿಂತ ಹೆಚ್ಚು ಬಂಧನದಲ್ಲಿದ್ದರೆ ಅಂಥ ಸರ್ಕಾರಿ ನೌಕರ ಅಮಾನತಾದ ಹಾಗೇ ಲೆಕ್ಕ.

ಎಷ್ಟು ದಿನ ಹೀಗೆ ಪಕ್ಕಕ್ಕಿಡಬಹುದು? 2015ರಲ್ಲಿ ಅಜಯ್ ಕುಮಾರ್ ಚೌಧರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಗೆರೆ ಎಳೆಯಿತು. ಮೂರು ತಿಂಗಳೊಳಗೆ ದೋಷಾರೋಪಣಾ ಪಟ್ಟಿ ಕೊಡದಿದ್ದರೆ ಅಮಾನತನ್ನು ಮುಂದುವರಿಸಬಾರದು. ಪಟ್ಟಿ ಕೊಟ್ಟಿದ್ದರೂ, ಮುಂದುವರಿಸುವುದಕ್ಕೆ ಕಾರಣ ಬರೆದು ಆದೇಶ ಮಾಡಬೇಕು. ಪಿಡಿಒ ಕೆಲವು ತಿಂಗಳಲ್ಲಿ ಮತ್ತೆ ಕಾಣಿಸಿಕೊಳ್ಳುವುದಕ್ಕೆ ಎಷ್ಟೋ ಸಲ ಕಾರಣ ಇಷ್ಟೇ. ಅಮಾನತು ತೆರವಾಗಿದೆ, ಪ್ರಕರಣ ಮುಗಿದಿಲ್ಲ. ಆತ ಬೆಳಗ್ಗೆ ಪಂಚಾಯ್ತಿಯಲ್ಲಿ ಇ-ಸ್ವತ್ತು (ಆಸ್ತಿ ದಾಖಲೆ) ಅರ್ಜಿ ನೋಡಿ, ಮಧ್ಯಾಹ್ನ ಅದೇ ಹಳೇ ಆರೋಪಕ್ಕೆ ಉತ್ತರ ಹೇಳಲು ವಿಚಾರಣಾಧಿಕಾರಿ ಮುಂದೆ ಹಾಜರಾಗುತ್ತಿರಬಹುದು.