ಮಾವಿನ ಓಟೆಯೂ ರಾಗಿ ಕಾಳೂ

ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಪರಿಚಯದ ರೈತರೊಬ್ಬರು ಸಿಕ್ಕಿದ್ದರು. ಕುಡುಗೋಲು ತಾಗಿ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದರು. "ಮೇಷ್ಟ್ರೇ, ನಮ್ಮ ಮೈಯೊಳಗೂ ನ್ಯೂಕ್ಲಿಯಸ್ ಇರುತ್ತಂತಲ್ಲ, ಬಾಂಬಲ್ಲಿರೋದೂ ಅದೇನಾ?" ಎಂದರು. ಮಗಳ ಪುಸ್ತಕದಲ್ಲಿ ಎರಡೂ ಚಿತ್ರ ನೋಡಿದ್ದರಂತೆ. ಎರಡರಲ್ಲೂ ಒಂದು ವೃತ್ತ, ನಡುವೆ ದಪ್ಪ ಚುಕ್ಕೆ. ಅವರದೇನೂ ತಪ್ಪಿಲ್ಲ. ತಪ್ಪು ಚಿತ್ರದ್ದು.

ಲ್ಯಾಟಿನ್ನಿನಲ್ಲಿ ಆ ಪದಕ್ಕೆ ಕಾಯಿಯ ತಿರುಳು ಎಂದರ್ಥ. 1831ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಆರ್ಕಿಡ್ ಗಿಡದ ಕೋಶಗಳಲ್ಲಿ ಕಂಡ ಚುಕ್ಕೆಗೆ ಆ ಹೆಸರಿಟ್ಟರು. ಅಲ್ಲಿಗೆ ಅದು ಸರಿಯಾಗಿ ಒಪ್ಪುತ್ತದೆ. ಈರುಳ್ಳಿಯ ತೆಳು ಪೊರೆಗೆ ಒಂದು ಹನಿ ಅಯೋಡಿನ್ ಹಾಕಿ ಶಾಲೆಯ ಮೈಕ್ರೋಸ್ಕೋಪಿನಲ್ಲಿ ನೋಡಿ. ಇಟ್ಟಿಗೆ ಜೋಡಿಸಿದ ಹಾಗೆ ಕೋಶಗಳು, ಒಂದೊಂದರಲ್ಲೂ ಒಂದು ಕಂದು ಚುಕ್ಕೆ. ಹಣ್ಣಿನೊಳಗೆ ಓಟೆ ಇದ್ದಂತೆಯೇ. ನಮ್ಮ ಕೋಶದ ಅಂಥ ಒಂದು ಚುಕ್ಕೆಯಲ್ಲಿ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಮಡಚಿಕೊಂಡಿರುತ್ತದೆ.

ಪರಮಾಣುವಿಗೆ ಓಟೆಯ ಲೆಕ್ಕ ಸುತರಾಂ ಹೊಂದುವುದಿಲ್ಲ. ಚಿನ್ನವನ್ನೇ ತಗೊಳ್ಳಿ, ನಾವು ಕೋಲಾರದವರಲ್ವಾ? ಚಿನ್ನದ ಪರಮಾಣುವಿನ ನ್ಯೂಕ್ಲಿಯಸ್ ಒಂದು ರಾಗಿ ಕಾಳಿನಷ್ಟಾದರೆ, ಇಡೀ ಪರಮಾಣು ಸುಮಾರು 30 ಮೀಟರ್ ಅಗಲ ಇರುತ್ತದೆ. ಆದರೂ ನೂರಕ್ಕೆ 99.9ಕ್ಕಿಂತ ಜಾಸ್ತಿ ತೂಕ ಆ ಕಾಳಿನಲ್ಲೇ!

ಇದು ಗೊತ್ತಾದ ಬಗೆ ನನಗೆ ತುಂಬಾ ಇಷ್ಟ. 1909ರಲ್ಲಿ ಮ್ಯಾಂಚೆಸ್ಟರಿನಲ್ಲಿ ಭೌತವಿಜ್ಞಾನಿ ರುದರ್‌ಫರ್ಡ್ ಅವರ ಜೊತೆಗಾರರಾದ ಗೈಗರ್ ಮತ್ತು ಮಾರ್ಸ್‌ಡೆನ್ ತೆಳುವಾದ ಚಿನ್ನದ ಹಾಳೆಗೆ ಆಲ್ಫಾ ಕಣಗಳನ್ನು, ಅಂದರೆ ರೇಡಿಯಂನಂಥ ವಸ್ತುಗಳಿಂದ ಜೋರಾಗಿ ಚಿಮ್ಮುವ ಸಣ್ಣ ಕಣಗಳನ್ನು, ಹಾಯಿಸಿದರು. ಬಹುಪಾಲು ಸೀದಾ ದಾಟಿದವು. ಎಲ್ಲೋ ಸಾವಿರಾರರಲ್ಲಿ ಒಂದು ಹಿಂದಕ್ಕೆ ಬಂತು. ಹುಲ್ಲಿನ ಮೆದೆಗೆ ಹೊಡೆದ ಗುಂಡು ವಾಪಸ್ ಬಂದರೆ ಒಳಗೆ ಬಂಡೆ ಇದೆ ಅಂತ ತಾನೆ? ಆದರೆ ಇಲ್ಲಿ ಕಣ ಯಾವುದಕ್ಕೂ ಬಡಿದಿರಲಿಲ್ಲ. ಆಲ್ಫಾದ್ದು ಧನ ವಿದ್ಯುತ್ತು, ನ್ಯೂಕ್ಲಿಯಸ್ಸಿನದ್ದೂ ಅದೇ, ಒಂದನ್ನೊಂದು ತಳ್ಳುತ್ತವೆ. ಒಂದು ಗಾಡಿ ಮಣ್ಣನ್ನು ಹೊಲಕ್ಕೆಲ್ಲ ಹರಡಿದರೆ ಚಕ್ರ ಸಲೀಸಾಗಿ ದಾಟುತ್ತದೆ. ಅದೇ ಮಣ್ಣನ್ನು ಒಂದೇ ಕಡೆ ಗುಡ್ಡೆ ಹಾಕಿದರೆ ಅರ್ಧ ಹತ್ತಿ ಹಿಂದಕ್ಕೆ ಉರುಳುತ್ತದೆ. ಧನ ವಿದ್ಯುತ್ತೆಲ್ಲ ಹಾಗೆ ಒಂದೇ ಕಡೆ ಗುಡ್ಡೆಯಾಗಿದೆ ಎಂದು 1911ರಲ್ಲಿ ರುದರ್‌ಫರ್ಡ್ ಲೆಕ್ಕ ಹಾಕಿ ತೋರಿಸಿದರು.

ನಮ್ಮ ಕೆಜಿಎಫ್ ಗಣಿಯಲ್ಲೂ, 2 ಕಿಲೋಮೀಟರಿಗಿಂತ ಆಳದಲ್ಲಿ, ವಿಜ್ಞಾನಿಗಳು ನ್ಯೂಕ್ಲಿಯಸ್ಸಿಗೆ ಆಗುವ ಇನ್ನೊಂದು ಬಗೆಯ ಡಿಕ್ಕಿಗಾಗಿ ಕಾದು ಕೂತಿದ್ದರು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ, ಅಂದರೆ ವಿದ್ಯುತ್ತಿಲ್ಲದ, ಯಾವುದಕ್ಕೂ ತಾಕುವುದೇ ಅಪರೂಪವಾದ ಸಣ್ಣ ಕಣ, ಬಂಡೆಯೊಳಗಿನ ನ್ಯೂಕ್ಲಿಯಸ್ಸಿಗೆ ತಾಕಿದ ಗುರುತು 1965ರಲ್ಲಿ ಸಿಕ್ಕಿತು. ಜಗತ್ತಿನಲ್ಲಿ ಸಿಕ್ಕ ಮೊದಮೊದಲ ಗುರುತುಗಳಲ್ಲಿ ಅದೂ ಒಂದು.

ಇನ್ನು ಬಾಂಬು. ಅಲ್ಲಿ ಒಡೆಯುವುದು ಯುರೇನಿಯಂ ಅಥವಾ ಪ್ಲುಟೋನಿಯಂ ಪರಮಾಣುವಿನ ನ್ಯೂಕ್ಲಿಯಸ್. 1939ರಲ್ಲಿ ಆ ಒಡೆಯುವಿಕೆಗೆ ಹೆಸರಿಡಬೇಕಾದಾಗ ಭೌತವಿಜ್ಞಾನಿ ಆಟೊ ಫ್ರಿಶ್ ಒಬ್ಬ ಜೀವವಿಜ್ಞಾನಿಯನ್ನು ಕೇಳಿದರು, ಕೋಶ ಎರಡಾಗುವುದಕ್ಕೆ ನಿಮ್ಮಲ್ಲಿ ಏನಂತೀರಿ ಅಂತ. ಫಿಷನ್ ಅನ್ನುವ ಪದ ಹಾಗೆ ಬಂತು. ಗೊಂದಲ ಇನ್ನೂ ಜಾಸ್ತಿಯಾಯಿತು.

ರೈತರಿಗೆ ಅವರ ಹೆಬ್ಬೆರಳನ್ನೇ ತೋರಿಸಿದೆ. ಗಾಯ ಮಾಯುತ್ತಿತ್ತು. ಅಲ್ಲಿ ಕೋಶಗಳು, ಅವುಗಳ ನ್ಯೂಕ್ಲಿಯಸ್ ಸಮೇತ, ಒಂದು ಎರಡಾಗಿ ಹೊಸ ಚರ್ಮ ಕಟ್ಟುತ್ತಿದ್ದವು. ಅದಕ್ಕಾಗಿ ಒಂದೇ ಒಂದು ಪರಮಾಣುವಿನ ನ್ಯೂಕ್ಲಿಯಸ್ಸೂ ಒಡೆಯಬೇಕಿಲ್ಲ.